‘ಆಯ್ತು’ ಅಂದವರ ದನಿಯನ್ನು ಕಂಪ್ಯೂಟರಿನಿಂದ ಅಳೆಯುವುದು ಹೇಗೆ

ಹಾಸನದ ಕಡೆ ‘ಆಯ್ತು’ ಎಂಬ ಒಂದೇ ಮಾತು ಒಪ್ಪಿಗೆಗೂ ಬರುತ್ತದೆ, ಬೇಸರಕ್ಕೂ ಬರುತ್ತದೆ, ‘ಸಾಕು ಬಿಡು’ ಅನ್ನುವುದಕ್ಕೂ ಬರುತ್ತದೆ. ಬರಹಕ್ಕಿಳಿಸಿದರೆ ಮೂರೂ ಒಂದೇ. ಹಾಗಾಗಿ ಮಾತನ್ನು ಅಕ್ಷರ ಮಾಡಿಕೊಡುವ ತಂತ್ರಾಂಶ ಇಲ್ಲಿ ಸಾಲದು. ದನಿಯನ್ನು ಬೇರೆಯಾಗಿಯೇ ಅಳೆಯಬೇಕು. ಅಳೆಯುವುದು ಅಷ್ಟೇನೂ ಕಷ್ಟವಲ್ಲ. ಆ ಅಳತೆಯನ್ನು ಯಾವುದಕ್ಕೆ ಹೋಲಿಸಿದೆವು ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು.

ರೆಕಾರ್ಡಿಂಗ್‌ಗೆ ಮೊದಲು ಮಾತಾಡುವವರ ಒಪ್ಪಿಗೆ ಪಡೆಯಿರಿ, ಯಾತಕ್ಕೆಂದು ಬಿಡಿಸಿ ಹೇಳಿ. ಇಬ್ಬರ ಮಾತುಕತೆಯಾದರೆ ಇಬ್ಬರಿಗೂ ಒಂದೊಂದು ಕಾಲರ್ ಮೈಕ್, ಎರಡೂ ಬೇರೆ ಬೇರೆ ಚಾನೆಲ್‌ನಲ್ಲಿರಲಿ. ಬಾಯಿಗೂ ಮೈಕಿಗೂ 15–20 ಸೆಂ.ಮೀ. ಅಂತರ ಸಾಕು; ಆ ಅಂತರ ಮಾತು ಮುಗಿಯುವವರೆಗೂ ಬದಲಾಗಬಾರದು. ರೆಕಾರ್ಡಿಂಗ್ ಸೆಟ್ಟಿಂಗ್ 16 ಕಿಲೋಹರ್ಟ್ಸ್, 16 ಬಿಟ್, ಒತ್ತಿ ಚಿಕ್ಕದು ಮಾಡದ ವೇವ್ ಫೈಲು ಇರಲಿ. ಮೊಬೈಲ್ ಬಳಸುವುದಾದರೆ ಆಟೋ ಗೇನ್ ಆಫ್ ಮಾಡಿ. ಅದು ಮೆಲುಮಾತನ್ನು ಎತ್ತಿ, ಜೋರು ಮಾತನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಕೇಳುವುದಕ್ಕೆ ಹಿತ, ಆದರೆ ದನಿ ಎಷ್ಟು ಏರಿತು ಎಂಬ ಲೆಕ್ಕ ಅಲ್ಲಿಗೆ ಅಳಿಸಿಹೋಯಿತು. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಪಿಚ್ (ದನಿ ಎಷ್ಟು ಮೇಲೆ, ಎಷ್ಟು ಕೆಳಗೆ ಇದೆ ಎಂಬುದು; ಸೆಕೆಂಡಿಗೆ ಎಷ್ಟು ಕಂಪನ ಎಂದು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ) ಸಿಗುತ್ತದೆ, ಆದರೆ ಒತ್ತಿ ಚಿಕ್ಕದು ಮಾಡಿದ ಫೈಲಾದ್ದರಿಂದ ದನಿಯ ನಡುಕ, ಒರಟುತನದ ಅಳತೆಗಳನ್ನು ನಂಬುವಂತಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಶೀಟ್ ಚಾವಣಿಯ ಕೆಳಗೆ ರೆಕಾರ್ಡ್ ಮಾಡುವ ಯೋಚನೆಯೇ ಬೇಡ. ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಳ್ಳುವುದರಿಂದ ಅದನ್ನು ಸೋಸಿ ತೆಗೆಯಲಾಗದು. ಮೋಟರ್, ಫ್ರಿಜ್‌ಗಳ ಗುಂಯ್‌ಗುಡುವಿಕೆ ಇನ್ನೊಂದು ಬಗೆಯ ತೊಂದರೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದರ ಸದ್ದು 100, 150ರಲ್ಲೂ ಕಾಣಿಸಿಕೊಳ್ಳುತ್ತದೆ. ಗಂಡಸರ ದನಿಯೂ ಸುಮಾರಾಗಿ 85ರಿಂದ 180 ಹರ್ಟ್ಸ್‌ನೊಳಗೇ ಇರುವುದರಿಂದ, ಯಾರೂ ಮಾತಾಡದಿದ್ದಾಗಲೂ ಪಿಚ್ ಅಳೆಯುವ ತಂತ್ರಾಂಶ 100ರಲ್ಲಿ ನೇರ ಗೆರೆ ಎಳೆದುಬಿಡುತ್ತದೆ. ಅಲುಗಾಡದ ಗೆರೆ ಕಂಡರೆ ಅದು ಮನುಷ್ಯರ ದನಿಯಲ್ಲ ಎಂದೇ ತಿಳಿಯಿರಿ.

ಪಿಚ್ ನೋಡಲು ಪ್ರಾಟ್ ಎಂಬ ಉಚಿತ ತಂತ್ರಾಂಶ ಸಾಕು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ್ದು. ಫೈಲು ತೆರೆದು ‘ವ್ಯೂ ಅಂಡ್ ಎಡಿಟ್’ ಒತ್ತಿ, ಪಿಚ್ ಸೆಟ್ಟಿಂಗ್ಸ್‌ನಲ್ಲಿ ಗಂಡಸರಿಗೆ 75–300, ಹೆಂಗಸರಿಗೆ 100–500 ಹರ್ಟ್ಸ್ ಕೊಡಿ. ಈಗ ‘ಆಯ್ತು’ ಇರುವ ಜಾಗವನ್ನು ಹಿಗ್ಗಿಸಿ ನೋಡಿ. ‘ಆಯ್’ ಉದ್ದಕ್ಕೂ ಗೆರೆ ಹರಿಯುತ್ತದೆ, ‘ತ್’ ಬಂದೊಡನೆ ತುಂಡಾಗುತ್ತದೆ. ಅದು ದೋಷವಲ್ಲ, ‘ತ್’ ಅನ್ನುವಾಗ ಗಂಟಲ ತಂತುಗಳು ಅದುರುವುದಿಲ್ಲ. ಕೊನೆಯ ‘ಉ’ ಬಳಿ ಮಾತ್ರ ಎಚ್ಚರ. ಆಡುಮಾತಿನಲ್ಲಿ ಅದು ಅರ್ಧ ನುಂಗಿಹೋಗಿರುತ್ತದೆ, ದನಿ ಕರಕರ ಎನ್ನುತ್ತದೆ, ಆಗ ಗೆರೆ ಥಟ್ಟನೆ ಅರ್ಧಕ್ಕೆ, 160ರಿಂದ 80ರ ಕಡೆಗೆ ಜಿಗಿಯುತ್ತದೆ. ಇದನ್ನು ‘ದನಿ ಕುಗ್ಗಿತು’ ಎಂದು ಓದಬೇಡಿ. ಅಂಥ ಬಿಂದುಗಳನ್ನು ತೆಗೆದುಹಾಕಿ.

ಹರ್ಟ್ಸ್ ಲೆಕ್ಕದಲ್ಲೇ ಹೋಲಿಸಿದರೆ ಮೋಸಹೋಗುತ್ತೀರಿ. ಒಬ್ಬರ ಮಾಮೂಲಿ ದನಿ 120, ಮಾತಿನ ನಡುವೆ 160ಕ್ಕೆ ಏರಿತು. ಇನ್ನೊಬ್ಬರದು 220ರಿಂದ 260. ಎರಡರಲ್ಲೂ ಏರಿಕೆ 40, ಆದರೆ ಕಿವಿಗೆ ಒಂದೇ ಅಲ್ಲ. ಸೆಮಿಟೋನ್‌ಗೆ ತನ್ನಿ: ಹೊಸ ಪಿಚ್ಚನ್ನು ಹಳೆಯದರಿಂದ ಭಾಗಿಸಿ, ಬಂದದ್ದಕ್ಕೆ 2ರ ಆಧಾರದ ಲಾಗ್ ತೆಗೆದು, 12ರಿಂದ ಗುಣಿಸಿ. ಮೊದಲನೆಯವರದು ಸುಮಾರು 5, ಎರಡನೆಯವರದು 2.9. ಹಾರ್ಮೋನಿಯಂನಲ್ಲಿ ಕರಿ, ಬಿಳಿ ಎರಡನ್ನೂ ಎಣಿಸುತ್ತ ಹೋದರೆ ಪಕ್ಕದ ಕೀಲಿಗೆ ಒಂದು ಸೆಮಿಟೋನ್. ಹೋಲಿಕೆಯ ಬುಡ ಅದೇ ವ್ಯಕ್ತಿಯ ಮಾಮೂಲಿ ಮಾತಿನ ಮಧ್ಯಾಂಕ (ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಆಗಿರಬೇಕು, ಊರಿನವರೆಲ್ಲರ ಸರಾಸರಿಯಲ್ಲ. ಅದಕ್ಕಾಗಿ ಪ್ರತಿಯೊಬ್ಬರಿಂದ ಎರಡು ಮೂರು ನಿಮಿಷ ನಿರಾಳ ಮಾತು ಮೊದಲೇ ಸಂಗ್ರಹಿಸಿಟ್ಟುಕೊಳ್ಳಿ: ಮನೆ, ಮಳೆ, ಬೆಳೆ, ಏನಾದರೂ ಸರಿ.

ಆ ನಿರಾಳ ಮಾತನ್ನು ಅದೇ ಜಾಗದಲ್ಲಿ ರೆಕಾರ್ಡ್ ಮಾಡುವುದು ಮುಖ್ಯ. ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಲಾರಿಗಳ ಸದ್ದಿನ ನಡುವೆ ನಿಂತವರು ತಮಗರಿವಿಲ್ಲದೆಯೇ ದನಿ ಎತ್ತುತ್ತಾರೆ, ಸದ್ದಿನ ಜೊತೆ ಪಿಚ್ಚೂ ಏರುತ್ತದೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಎಂದು ಹೆಸರು. ಮನೆಯಲ್ಲಿ ಅಳೆದ ಮಾಮೂಲಿ ದನಿಗೆ ಇದನ್ನು ಹೋಲಿಸಿದರೆ ಮಂಡಿಯವರೆಲ್ಲ ದಿನವಿಡೀ ಜಗಳವಾಡಿದಂತೆ ಕಾಣುತ್ತದೆ. ತೋಟದಲ್ಲಿ ಆ ತುದಿಯಿಂದ ಈ ತುದಿಗೆ ಕೂಗಿ ಹೇಳುವ ಮಾತೂ ಹಾಗೆಯೇ.

ಕಾಲದ ಅಳತೆಯನ್ನೂ ಬಿಡಬೇಡಿ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಸಾಮಾನ್ಯವಾಗಿ 0.2 ಸೆಕೆಂಡಿನಷ್ಟೇ ಬಿಡುವಿರುತ್ತದೆ. ಒಂದು ಸೆಕೆಂಡು ತಡೆದು ಬಂದ ‘ಆಯ್ತು’ವಿನಲ್ಲಿ ಮನಸ್ಸಿಲ್ಲದಿರುವ ಸಾಧ್ಯತೆ ಹೆಚ್ಚು. ಸ್ವರ ಎಳೆದದ್ದನ್ನು ಅಳೆಯುವಾಗ ಹ್ರಸ್ವವನ್ನು ಹ್ರಸ್ವಕ್ಕೆ, ದೀರ್ಘವನ್ನು ದೀರ್ಘಕ್ಕೇ ಹೋಲಿಸಿ. ಕನ್ನಡದಲ್ಲಿ ಉದ್ದವೇ ಅರ್ಥ ಬದಲಿಸುತ್ತದೆ, ‘ಬರಿ’ ಬೇರೆ ‘ಬಾರಿ’ ಬೇರೆ.

ಭಾವ ಗುರುತಿಸುವುದನ್ನು ಯಂತ್ರಕ್ಕೇ ಕಲಿಸಬೇಕಾದರೆ, ಮೊದಲು ಯಾವ ತುಣುಕಿಗೆ ಯಾವ ಭಾವ ಎಂದು ಗುರುತು ಹಾಕಲು ಕಡೇಪಕ್ಷ ಮೂವರು ಬೇಕು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ. ಇದೇ ಸೀಮೆಯ ಮಾತು ಬಲ್ಲವರಾಗಿದ್ದರೆ ಒಳ್ಳೆಯದು. ಬೇರೆ ಕಡೆಯವರಿಗೆ ‘ಏನ್ಲಾ’ದ ಸಲಿಗೆ ಸಿಟ್ಟಿನಂತೆ ಕೇಳಬಹುದು. ಮೂವರ ಒಮ್ಮತ ಕಪ್ಪಾ (ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಒಮ್ಮತ ಅಳೆಯುವ ಸಂಖ್ಯೆ, 1 ಎಂದರೆ ಪೂರ್ತಿ ಒಮ್ಮತ) ಲೆಕ್ಕದಲ್ಲಿ 0.4ಕ್ಕಿಂತ ಕೆಳಗಿದ್ದರೆ ಆ ಗುರುತನ್ನೇ ಕೈಬಿಡಿ. ಮನುಷ್ಯರಿಗೇ ಹೊಂದದ್ದನ್ನು ಯಂತ್ರಕ್ಕೆ ಕಲಿಸಲು ಬರುವುದಿಲ್ಲ.

ಕಲಿಸುವುದಕ್ಕೆ ದನಿಯ ಅಳತೆಗಳನ್ನು ತೆಗೆದುಕೊಡುವ ಓಪನ್‌ಸ್ಮೈಲ್ ಎಂಬ ತಂತ್ರಾಂಶದಲ್ಲಿ ಇ-ಜೆಮ್ಯಾಪ್ಸ್ ಎಂಬ 88 ಅಳತೆಗಳ ಗುಚ್ಛ ಸಿದ್ಧವಾಗಿದೆ, ಮೊದಲ ಪ್ರಯತ್ನಕ್ಕೆ ಅದು ಸಾಕು. ಪ್ರತಿ ಅಳತೆಯನ್ನೂ ವ್ಯಕ್ತಿವಾರು ಸಮಗೊಳಿಸಿ, ಅಂದರೆ ಅವರವರ ಮಾಮೂಲಿ ಮಟ್ಟಕ್ಕೆ ಹೋಲಿಸಿದ ಅಳತೆಯಾಗಿಸಿ, ಸಪೋರ್ಟ್ ವೆಕ್ಟರ್ ಮಷೀನ್ ಎಂಬ, ಮಾದರಿಗಳನ್ನು ನೋಡಿ ವಿಂಗಡಿಸಲು ಕಲಿಯುವ ವಿಧಾನಕ್ಕೆ ಕೊಡಿ. ಪರೀಕ್ಷೆ ಮಾಡುವಾಗ ಒಬ್ಬರನ್ನು ಪೂರ್ತಿ ಹೊರಗಿಟ್ಟು ಉಳಿದವರಿಂದ ಕಲಿಸಿ, ಸರದಿಯಂತೆ ಎಲ್ಲರಿಗೂ ಹೀಗೆ. ಒಬ್ಬರ ಮಾತು ಕಲಿಕೆ, ಪರೀಕ್ಷೆ ಎರಡೂ ಕಡೆ ಸೇರಿದರೆ ಯಂತ್ರ ಭಾವ ಕಲಿಯದೆ ಆ ವ್ಯಕ್ತಿಯ ಗುರುತು ಕಲಿಯುತ್ತದೆ, ಅಂಕ ಮಾತ್ರ ಚೆನ್ನಾಗಿ ಬರುತ್ತದೆ. ನೂರರಲ್ಲಿ 90 ತುಣುಕು ಮಾಮೂಲಿ ಮಾತಾಗಿದ್ದರೆ, ಎಲ್ಲಕ್ಕೂ ‘ಮಾಮೂಲಿ’ ಎನ್ನುವ ಯಂತ್ರಕ್ಕೂ 90 ಅಂಕ ಸಿಗುತ್ತದೆ. ಆದ್ದರಿಂದ ಪ್ರತಿ ಭಾವದಲ್ಲೂ ಎಷ್ಟನ್ನು ಸರಿಯಾಗಿ ಹಿಡಿಯಿತು ಎಂದು ಬೇರೆ ಬೇರೆ ನೋಡಿ ಸರಾಸರಿ ತೆಗೆಯಿರಿ.

ದನಿಯಿಂದ ಆವೇಗ (ಮನಸ್ಸು ಎಷ್ಟು ಉದ್ರೇಕಗೊಂಡಿದೆ ಎಂಬುದು) ತಿಳಿಯುವಷ್ಟು ಚೆನ್ನಾಗಿ ಹಿತ-ಅಹಿತ ತಿಳಿಯುವುದಿಲ್ಲ. ಸಂಭ್ರಮವೂ ಸಿಟ್ಟೂ ಎರಡೂ ಏರುದನಿಯೇ, ಅವನ್ನು ಬೇರ್ಪಡಿಸಲು ಆಡಿದ ಪದಗಳೂ ಬೇಕು. ಹಾಗಾಗಿ ತೆರೆಯ ಮೇಲೆ ‘ಕೋಪ’ ಎಂದು ಬರೆಯಿಸದೆ, ‘ತಮ್ಮ ಮಾಮೂಲಿಗಿಂತ 5 ಸೆಮಿಟೋನ್ ಮೇಲೆ, ಉತ್ತರಕ್ಕೆ 1.1 ಸೆಕೆಂಡ್ ತಡ’ ಎಂದು ತೋರಿಸಿ, ಪಕ್ಕದಲ್ಲಿ ಆ ತುಣುಕನ್ನು ಕೇಳುವ ಗುಂಡಿ ಇಡಿ.