ಇಂಪ್ಲಾಂಟ್ ಹಲ್ಲು ಇರುವವರಿಗೆ ಒಂದು ಸಣ್ಣ ಉಪಾಯ

ಇಂಪ್ಲಾಂಟ್ ಹಲ್ಲಿನ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟಿದ ಕೃತಕ ಹಲ್ಲಿನ) ಸಂದಿಗೆ ರಾತ್ರಿ ಇಂಟರ್‌ಡೆಂಟಲ್ ಬ್ರಷ್ (ಹಲ್ಲಿನ ಸಂದಿಗೆ ಹೋಗುವ ಪುಟ್ಟ ತಂತಿ ಬ್ರಷ್) ಹಾಕಿ, ಕೆನ್ನೆ ಕಡೆಯಿಂದ ಮಾತ್ರವಲ್ಲ, ನಾಲಿಗೆ ಕಡೆಯಿಂದಲೂ. ಅಲ್ಲೇ ಕೊಳೆ ಕೂರುವುದು ಜಾಸ್ತಿ. ತಂತಿಗೆ ಪ್ಲಾಸ್ಟಿಕ್ ಲೇಪನ ಇರುವ ಬ್ರಷ್ಷನ್ನೇ ತನ್ನಿ, ಬರೀ ತಂತಿಯಾದರೆ ಇಂಪ್ಲಾಂಟಿಗೆ ಗೀರು ಬೀಳಬಹುದು. ಸ್ವಂತ ಹಲ್ಲಿನ ಬೇರನ್ನು ಒಸಡಿನ ನಾರುಗಳು ಬಿಗಿಯಾಗಿ ಹಿಡಿದಿರುತ್ತವೆ. ಇಂಪ್ಲಾಂಟಿನ ಸುತ್ತ ಒಸಡು ಸುಮ್ನೆ ಅಂಗಿಯ ಕಾಲರ್ ಹಾಗೆ ಸುತ್ತಿಕೊಂಡಿರುತ್ತದೆ ಅಷ್ಟೆ. ಹಾಗಾಗಿ ಸೋಂಕು ಬೇಗ ಮೂಳೆಗೆ ಇಳಿಯುತ್ತದೆ, ಎಷ್ಟೋ ಸಲ ನೋವೇ ಇರುವುದಿಲ್ಲ. ನಮ್ಮ ಮಂಗಳೂರಿನ ಊಟದಲ್ಲಿ ಬಸಳೆ ದಂಟಿನ ನಾರು, ಬಂಗುಡೆಯ ಸಪೂರ ಮುಳ್ಳು ಬೇರೆ! ಬರೀ ಬಾಯಿ ಮುಕ್ಕಳಿಸಿದರೆ ಹೋಗುವಂಥದ್ದಲ್ಲ. ಬ್ರಷ್ ಸಲೀಸಾಗಿ ಹೋಗದಿದ್ದರೆ ಒತ್ತಬೇಡಿ, ಸಪೂರದ್ದು ತನ್ನಿ. ಆಪರೇಷನ್ ಆಗಿ ಗಾಯ ಇನ್ನೂ ಮಾಗಿಲ್ಲ ಅಂದರೆ ಡಾಕ್ಟರು ಹೇಳುವ ತನಕ ಇದು ಬೇಡ. ರಕ್ತ ನಿಲ್ಲುತ್ತಿಲ್ಲ, ಕೀವು ಬರುತ್ತಿದೆ, ಹಲ್ಲು ಅಲ್ಲಾಡುತ್ತಿದೆ ಅಂದರೆ ಬ್ರಷ್ಷಿನಿಂದ ಸರಿಹೋಗುವುದಿಲ್ಲ, ಡಾಕ್ಟರಿಗೆ ತೋರಿಸಿ. ಹಲ್ಲು ಅಲ್ಲಾಡುವುದಕ್ಕೆ ಕೆಲವೊಮ್ಮೆ ಹಲ್ಲನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿರುವುದೇ ಕಾರಣ, ಅದು ಸುಲಭದ ರಿಪೇರಿ. ಮೂಳೆ ಸವೆದಿದೆಯಾ ಅಂತ ತಿಳಿಯಲು ಎಕ್ಸ್‌ರೇಯೇ ಆಗಬೇಕು. ಬೀಡಿ ಸಿಗರೇಟು ಸೇದುವವರು, ಶುಗರ್ ಹಿಡಿತದಲ್ಲಿ ಇಲ್ಲದವರು ನೋವಿಲ್ಲ ಅಂತ ಚೆಕಪ್ ತಪ್ಪಿಸಬೇಡಿ.