ಇಮ್ಯುನೊಥೆರಪಿ ಕೊಡುವಾಗ ನಾನು ಎಣಿಸಿ ಕೇಳುತ್ತೇನೆ

ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ ಇಮ್ಯುನೊಥೆರಪಿ. ಅದಕ್ಕೆ ಬಂದವರನ್ನು ನಾನು ಈಗ "ಹೇಗಿದ್ದೀರಿ?" ಅಂತ ಕೇಳಿ ಬಿಡುವುದಿಲ್ಲ. "ಚೆನ್ನಾಗಿದ್ದೀನಿ ಡಾಕ್ಟ್ರೇ" ಎಂಬ ಉತ್ತರ ತುದಿನಾಲಿಗೆಯಲ್ಲೇ ಇರುತ್ತದೆ. ತೊಂದರೆ ಹೇಳಿಕೊಂಡರೆ ಎಲ್ಲಿ ಔಷಧಿ ನಿಲ್ಲಿಸಿಬಿಡುತ್ತಾರೋ ಎಂಬ ಭಯ ಅವರಿಗೆ. ಗಡ್ಡೆ ಕರಗುತ್ತಿರುವಾಗ ಆ ಭಯ ಸಹಜವೇ ಅಲ್ವಾ? ಅದಕ್ಕೇ ಎಣಿಸಿ ಕೇಳುತ್ತೇನೆ. ಮೊದಲು ದಿನಕ್ಕೆ ಎಷ್ಟು ಸಲ ಶೌಚಕ್ಕೆ ಹೋಗ್ತಿದ್ದಿರಿ, ಈಗ ಎಷ್ಟು ಸಲ? ಒಂದು ಮಹಡಿ ಹತ್ತುವಾಗ ನಡುವೆ ನಿಲ್ತೀರಾ? ಹೋದ ತಿಂಗಳೂ ನಿಲ್ತಿದ್ರಾ? ಕೇಳುತ್ತಾ ಜೊತೆಗೆ ಬಂದವರ ಮುಖವನ್ನೂ ನೋಡುತ್ತೇನೆ. "ಏನೂ ಇಲ್ಲ" ಎಂದು ಗಂಡ ಹೇಳಿದ ಕೂಡಲೇ "ರಾತ್ರಿ ಮೂರು ಸಲ ಎದ್ದಿದ್ರಲ್ಲ!" ಎಂದು ಹೆಂಡತಿ ಬಾಯಿ ಹಾಕುವುದು ನನಗೆ ಎಷ್ಟೋ ಪರೀಕ್ಷೆಗಳಿಗಿಂತ ಬೇಗ ಸಿಗುವ ರಿಪೋರ್ಟ್.

ಇವು ಕೀಮೋ ಔಷಧಿಗಳಲ್ಲ. ರೋಗದ ವಿರುದ್ಧ ಹೋರಾಡುವ ನಮ್ಮ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ಸಿಟಿಎಲ್‌ಎ-4, ಪಿಡಿ-1 ಎಂಬ ಬ್ರೇಕ್‌ಗಳಿವೆ. ಅವನ್ನು ಬಿಡಿಸಿದರೆ ಟಿ ಕೋಶಗಳೇ ಕ್ಯಾನ್ಸರ್ ಮೇಲೆ ಬೀಳುತ್ತವೆ. ಈ ದಾರಿ ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಬ್ರೇಕ್ ಬಿಟ್ಟ ಕೋಶ ಗಡ್ಡೆಯನ್ನಷ್ಟೇ ಹುಡುಕಿಕೊಂಡು ಹೋಗಲ್ಲ. ಚರ್ಮ, ಕರುಳು, ಲಿವರ್, ಥೈರಾಯ್ಡ್, ಶ್ವಾಸಕೋಶ, ಎಲ್ಲಿ ಬೇಕಾದರೂ ಉರಿಯೂತ ಎಬ್ಬಿಸಬಹುದು. ಚರ್ಮದ ತುರಿಕೆ, ದದ್ದು ಹೆಚ್ಚು ಜನರಲ್ಲಿ ಕಾಣುತ್ತದೆ, ಬೇಗ ಬರುತ್ತದೆ. ಬಹುತೇಕ ಮುಲಾಮಿನಲ್ಲೇ ಮುಗಿಯುತ್ತದೆ.

ಕರುಳಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇಕೇ ಬೇಕು. ಶೌಚಕ್ಕೆ ಹೋಗುವುದು ದಿನಕ್ಕೆ ಮಾಮೂಲಿಗಿಂತ 4ರಿಂದ 6 ಸಲ ಜಾಸ್ತಿ ಆದರೆ ತೀವ್ರತೆಯಲ್ಲಿ ಎರಡನೇ ಗ್ರೇಡ್. 7 ಅಥವಾ ಅದಕ್ಕಿಂತ ಜಾಸ್ತಿ ಆದರೆ ಮೂರನೆಯದು. ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದು ನುಂಗಿ ಸುಮ್ನೆ ಕೂತರೆ ಲೆಕ್ಕವೇ ತಪ್ಪಿಹೋಗುತ್ತದೆ. ಒಳಗೆ ಉರಿಯೂತ ಬೆಳೆಯುತ್ತಲೇ ಇರುತ್ತದೆ. ನಾನು ಮಲ ಪರೀಕ್ಷೆಗೆ ಕಳಿಸಿ ಸೋಂಕು ಇದೆಯಾ ನೋಡುತ್ತೇನೆ. ಎರಡನೇ ಗ್ರೇಡ್ ಆದರೆ ಮುಂದಿನ ಡೋಸ್ ತಡೆಹಿಡಿದು, ಸಾಮಾನ್ಯವಾಗಿ ದಿನಕ್ಕೆ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂನಂತೆ ಪ್ರೆಡ್ನಿಸೊಲೋನ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಶುರು ಮಾಡುತ್ತೇನೆ. ಜೋರಿದ್ದರೆ ಅಡ್ಮಿಟ್ ಮಾಡಿ ರಕ್ತನಾಳದ ಮೂಲಕ ಸ್ಟೀರಾಯ್ಡ್. ಮೂರ್ನಾಲ್ಕು ದಿನದಲ್ಲಿ ಹಿಡಿತಕ್ಕೆ ಬರದಿದ್ದರೆ ಉರಿಯೂತ ತಡೆಯುವ ಬೇರೆ ಔಷಧಿಗಳಾದ ಇನ್‌ಫ್ಲಿಕ್ಸಿಮಾಬ್ ಅಥವಾ ವೆಡೊಲಿಜುಮಾಬ್ ಬಗ್ಗೆ ಯೋಚಿಸುತ್ತೇನೆ. ಲಿವರ್ ಉರಿಯೂತಕ್ಕೆ ಮಾತ್ರ ಇನ್‌ಫ್ಲಿಕ್ಸಿಮಾಬ್ ಕೊಡಲ್ಲ, ಅದೇ ಲಿವರ್‌ಗೆ ಪೆಟ್ಟು ಕೊಡಬಹುದು. ಅಲ್ಲಿ ಮೈಕೊಫೆನೊಲೇಟ್ ಎಂಬ ಇನ್ನೊಂದು ಔಷಧಿ.

ಸ್ಟೀರಾಯ್ಡ್ ಶುರು ಮಾಡಿಸುವುದು ಸುಲಭ, ಇಳಿಸುವುದೇ ಕಷ್ಟ. ಭೇದಿ ನಿಂತ ಮಾರನೇ ದಿನವೇ ಮಾತ್ರೆ ಬಿಡುವವರಿದ್ದಾರೆ. ವಾರ ಕಳೆಯುವುದರೊಳಗೆ ಮತ್ತೆ ಶುರು. ಹಾಗಾಗಿ ಒಂದು ಹಾಳೆಯಲ್ಲಿ ತಾರೀಖು, ಅದರ ಪಕ್ಕ ಅವತ್ತಿನ ಮಾತ್ರೆಗಳ ಸಂಖ್ಯೆ, ಅದರ ಪಕ್ಕ ಟಿಕ್ ಹಾಕಲು ಖಾಲಿ ಚೌಕ ಬರೆದುಕೊಡುತ್ತೇನೆ. ಪೂರ್ತಿ ಇಳಿಯಲು 4ರಿಂದ 6 ವಾರ. ಆ ಹೊತ್ತಿನಲ್ಲಿ ಸಕ್ಕರೆ ನೋಡಬೇಕು. 20 ಮಿಲಿಗ್ರಾಂಗಿಂತ ಜಾಸ್ತಿ ಡೋಸ್ ನಾಲ್ಕು ವಾರ ದಾಟುವುದಾದರೆ ಒಂದು ಬಗೆಯ ನ್ಯುಮೋನಿಯಾ ತಡೆಯಲು ಕೋಟ್ರೈಮೊಕ್ಸಜೋಲ್ ಎಂಬ ಆಂಟಿಬಯೋಟಿಕ್ ಸೇರಿಸುತ್ತೇನೆ.

ನನಗೆ ಹೆಚ್ಚು ತಲೆನೋವು ಕೊಡುವುದು "ಸುಸ್ತು" ಎಂಬ ದೂರು. ಕ್ಯಾನ್ಸರ್ ಇದ್ದವರಿಗೆ ಸುಸ್ತು ಇದ್ದದ್ದೇ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಒಬ್ಬರು ಹೀಗೇ ಬಂದರು. ಕುರ್ಚಿಯಿಂದ ಏಳಲು ಎರಡು ಕೈ ಊರಬೇಕಿತ್ತು. ತಲೆನೋವು, ಹಸಿವಿಲ್ಲ. ಬಿಪಿ ಕಡಿಮೆ, ಸೋಡಿಯಂ ಕಡಿಮೆ. ಸ್ಕ್ಯಾನ್‌ನಲ್ಲಿ ಗಡ್ಡೆ ಮಾತ್ರ ಚಿಕ್ಕದಾಗಿತ್ತು. ಬಿಪಿ ಹಿಡಿದಿಡುವ ಕಾರ್ಟಿಸೋಲ್ ಹಾರ್ಮೋನ್ ಬೆಳಗಿನ ಪರೀಕ್ಷೆಯಲ್ಲಿ ತೀರಾ ತಳಕ್ಕಿಳಿದಿತ್ತು, ಅದನ್ನು ನಿಯಂತ್ರಿಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೇ ಪೆಟ್ಟು. ಥೈರಾಯ್ಡ್ ಹಾರ್ಮೋನೂ ಕಡಿಮೆ ಇತ್ತು. ಇಂಥಲ್ಲಿ ಮೊದಲು ಕಾರ್ಟಿಸೋಲ್ ಬದಲಿಗೆ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಯ್ಡ್‌ಗೆ ಥೈರಾಕ್ಸಿನ್. ತಿರುಗಾಮುರುಗಾ ಆದರೆ ಪ್ರಾಣಕ್ಕೇ ಅಪಾಯ. ಮಾರನೇ ದಿನ ಅವರು ಎದ್ದು ಕೂತು ಪೇಪರ್ ಓದುತ್ತಿದ್ದರು. ಹೈಡ್ರೋಕಾರ್ಟಿಸೋನ್ ಮಾತ್ರೆ ಜೀವನಪೂರ್ತಿ ಬೇಕಾಗುತ್ತದೆ, ಆದರೆ ಇಮ್ಯುನೊಥೆರಪಿ ಮುಂದುವರಿಸಲು ಅಡ್ಡಿಯಾಗಲಿಲ್ಲ.

ಹೃದಯದ ಉರಿಯೂತದ ವಿಷಯ ಬೇರೆ. ಅಪರೂಪ, ಆದರೆ ಕೊಲ್ಲುವಂಥದ್ದು. ರೆಪ್ಪೆ ಇಳಿಬಿದ್ದಿದೆ, ಎರಡೆರಡು ಕಾಣುತ್ತಿದೆ, ಕುತ್ತಿಗೆ ಎತ್ತಲಾಗುತ್ತಿಲ್ಲ ಎಂದರೆ ಅವತ್ತೇ ಇಸಿಜಿ, ಜೊತೆಗೆ ಹೃದಯಕ್ಕೆ, ಸ್ನಾಯುವಿಗೆ ಪೆಟ್ಟು ಬಿದ್ದಿದೆಯಾ ತೋರಿಸುವ ಟ್ರೋಪೊನಿನ್, ಸಿಕೆ ರಕ್ತ ಪರೀಕ್ಷೆ. ಈ ಮೂರು ಕಾಯಿಲೆ, ಅಂದರೆ ಹೃದಯದ್ದು, ಸ್ನಾಯುವಿನದು, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಮಯಸ್ತೇನಿಯಾ, ಒಟ್ಟೊಟ್ಟಿಗೆ ಬರುವುದುಂಟು. ಇಲ್ಲಿ ನಾಳೆ ನೋಡೋಣ ಎಂಬ ಮಾತೇ ಇಲ್ಲ.

ಔಷಧಿ ನಿಲ್ಲುವ ಭಯಕ್ಕೆ ಮೊದಲ ದಿನವೇ ಉತ್ತರ ಕೊಡುತ್ತೇನೆ. ಅಡ್ಡಪರಿಣಾಮದಿಂದ ಔಷಧಿ ನಿಲ್ಲಿಸಬೇಕಾದ ಮೇಲೂ ಗಡ್ಡೆ ಹತೋಟಿಯಲ್ಲೇ ಉಳಿದವರು ಇದ್ದಾರೆ, ಮುಖ್ಯವಾಗಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ. ಇದು ಗೊತ್ತಾದ ಮೇಲೆ ತೊಂದರೆ ಹೇಳುವ ಫೋನ್ ಕರೆಗಳು ಬೇಗ ಬರುತ್ತವೆ.

ಇನ್ನೊಂದು ತೊಡಕು: ಕೊನೆಯ ಡೋಸ್ ಆಗಿ ತಿಂಗಳುಗಳಾದ ಮೇಲೂ ಈ ಅಡ್ಡಪರಿಣಾಮ ಬರಬಹುದು. ಆಗ ಅವರು ಬೇರೆ ಯಾವುದೋ ಡಾಕ್ಟರ ಮುಂದೆ ಕೆಮ್ಮು ಹೇಳಿಕೊಂಡು ಕೂತಿರುತ್ತಾರೆ, ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ನಡೆಯುತ್ತಿರುತ್ತದೆ. ಅದಕ್ಕೇ ಒಂದು ಸಣ್ಣ ಕಾರ್ಡ್ ಕೊಡುತ್ತೇನೆ: ಔಷಧಿಯ ಹೆಸರು, ಕೊನೆಯ ಡೋಸ್‌ನ ತಾರೀಖು, ನಮ್ಮ ಫೋನ್ ನಂಬರ್. ಫೈಲ್‌ನಲ್ಲಿ ಅಲ್ಲ, ಪರ್ಸ್‌ನಲ್ಲಿ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.