ಕಾರ್ಬನ್ ಡಾಟ್‌ನಿಂದ ಪಿಎಚ್ ಅಳೆದದ್ದು: ನನ್ನ ಅನುಭವ

ಕಾರ್ಬನ್ ಡಾಟ್ ಅಂದರೆ ಯುವಿ ಬೆಳಕಿಗೆ ಹೊಳೆಯುವ, ಕೆಲವೇ ನ್ಯಾನೋಮೀಟರ್ ಗಾತ್ರದ ಇಂಗಾಲದ ಕಣ. ಅದರ ಹೊಳಪು ನೋಡಿ ಪಿಎಚ್ (ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಹೇಳುವ ಕೆಲಸ ಕೊನೆಗೂ ಆಯ್ತು. ಹೊಳಪನ್ನು ಪಿಎಚ್‌ಗೆ ಹೊಂದಿಸುವ ಕ್ಯಾಲಿಬ್ರೇಶನ್ ಗೆರೆ ಮೂರು ವಾರದಿಂದ ಬದಲಾಗದೆ ನಿಂತಿದೆ. ಪಿಎಚ್ ಮೀಟರ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಿದವರಿದ್ದರು. ಹೊಳೆಯುತ್ತಿರುವುದು ಡಾಟ್ ಅಲ್ಲ, ಡಾಟ್ ಮಾಡುವಾಗ ಜೊತೆಗೆ ಉಳಿದ ಸಣ್ಣ ಅಣುಗಳು ಅಂದವರೂ ಇದ್ದರು. ಈ ಎರಡನೆಯವರ ಮಾತು ಆಗ ಸರಿಯಾಗಿಯೇ ಇತ್ತು.

ಸಿಟ್ರಿಕ್ ಆಸಿಡ್, ಎಥಿಲೀನ್‌ಡೈಅಮೀನ್, ಆಟೋಕ್ಲೇವ್‌ನಲ್ಲಿ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) 200 ಡಿಗ್ರಿ, 5 ಗಂಟೆ. ಡಾಟ್ ಮಾಡುವ ಮಾಮೂಲಿ ವಿಧಾನವೇ. ಸಣ್ಣ ಅಣುಗಳನ್ನು ಹೊರಗಿನ ನೀರಿಗೆ ಬಿಟ್ಟು ಡಾಟ್ ಅನ್ನು ಒಳಗೇ ಉಳಿಸುವ 1000 ಡಾಲ್ಟನ್ (ಅಣುತೂಕದ ಮಿತಿ) ಡಯಾಲಿಸಿಸ್ ಚೀಲ ದುಬಾರಿ ಅಂತ ಒಂದೇ ಚೀಲವನ್ನು ಮತ್ತೆ ಮತ್ತೆ ಬಳಸಿ, ಆರು ಗಂಟೆಗೇ ಮುಗಿಸುತ್ತಿದ್ದೆ. ಹೊಸ ಚೀಲದಲ್ಲಿ ಎರಡು ದಿನ ನೀರು ಬದಲಿಸುತ್ತಾ ಬಿಟ್ಟಾಗ ಅರ್ಧಕ್ಕಿಂತ ಜಾಸ್ತಿ ಹೊಳಪು ಹೊರಗಿನ ನೀರಿಗೆ ಹೋಗಿತ್ತು.

ಉಳಿದದ್ದರ ಹೊಳಪೊಂದನ್ನೇ ನೋಡಿ ಪಿಎಚ್ ಹೇಳಲು ಹೋದೆ. ಸೋಮವಾರದ ಗೆರೆ ಗುರುವಾರಕ್ಕೆ ಕೂರಲಿಲ್ಲ. ದೀಪ ಹಳೆಯದು, ದ್ರಾವಣ ಒಮ್ಮೆ ಗಟ್ಟಿ ಒಮ್ಮೆ ತೆಳು. ಹೊರಗಿನ ಲ್ಯಾಬಿಗೆ ಸ್ಯಾಂಪಲ್ಲಿಗೆ 300ರಂತೆ ಕೊಟ್ಟು ಕೊಟ್ಟು, ನೆನಪಿರುವ ಮಟ್ಟಿಗೆ, 15 ಸಾವಿರ ಹೋಯ್ತು.

ದಾರಿ ಸಿಕ್ಕಿದ್ದು ಎರಡು ಬಣ್ಣದಲ್ಲಿ. ಡಾಟ್‌ನ ಮೈಮೇಲಿರುವ ಅಮೀನ್ ಗುಂಪಿಗೆ ಎಫ್‌ಐಟಿಸಿ ಅನ್ನುವ ಹಸಿರಾಗಿ ಹೊಳೆಯುವ ಡೈ ಕಟ್ಟಿದೆ. 450 ನ್ಯಾನೋಮೀಟರ್ ಹತ್ತಿರದ ಡಾಟ್‌ನ ನೀಲಿ ಅಷ್ಟಾಗಿ ಅಲುಗುವುದಿಲ್ಲ. 515ರ ಹತ್ತಿರದ ಎಫ್‌ಐಟಿಸಿಯ ಹಸಿರು ಪಿಎಚ್ 5ರಿಂದ 8ರ ತನಕ ಏರುತ್ತಾ ಹೋಗುತ್ತದೆ. ಹಸಿರನ್ನು ನೀಲಿಯಿಂದ ಭಾಗಿಸಿದರೆ ಸಾಕು, ದೀಪ ಮಂಕಾದರೆ ಎರಡೂ ಒಟ್ಟಿಗೇ ಮಂಕಾಗುತ್ತವೆ ಅಲ್ವಾ. ಆದರೆ ಮೊದಲ ಮೂರು ಬ್ಯಾಚ್ ಟ್ರಿಸ್ ಬಫರಿನಲ್ಲಿ (ಬಫರ್ ಅಂದರೆ ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಮಾಡಿ ಕೆಡಿಸಿದೆ. ಟ್ರಿಸ್‌ನಲ್ಲೂ ಅಮೀನ್ ಇದೆ, ದುಬಾರಿ ಎಫ್‌ಐಟಿಸಿಯನ್ನೆಲ್ಲ ಅದೇ ತಿಂದುಬಿಟ್ಟಿತು. ಕಾರ್ಬೊನೇಟ್ ಬಫರ್, ಪಿಎಚ್ 9, ಕತ್ತಲಲ್ಲಿ ರಾತ್ರಿಯಿಡೀ ಬಿಟ್ಟು, ಮತ್ತೆ ಎರಡು ದಿನ ಡಯಾಲಿಸಿಸ್ ಮಾಡಿದರೆ ಸರಿಯಾಗುತ್ತದೆ. ಡಾಟ್‌ಗೆ ಎಷ್ಟು ಎಫ್‌ಐಟಿಸಿ ಅನ್ನುವುದನ್ನು ಪೇಪರ್ ಬರುವ ತನಕ ಹೇಳುವುದಿಲ್ಲ. ಜಾಸ್ತಿಯಾದರೆ ಅದು ನೀಲಿಯನ್ನೇ ನುಂಗುತ್ತದೆ, ಅಷ್ಟು ನೆನಪಿರಲಿ.

ನಡುವೆ ಹಾಲಿಗೆ ಹೆಪ್ಪು ಹಾಕಿಯೂ ನೋಡಿದೆ. ಹಾಲು ಬೆಳಕನ್ನು ಚದುರಿಸುತ್ತದೆ, ನೇರವಾಗಿ ಬೆರೆಸಿದರೆ ಏನೂ ಸಿಗುವುದಿಲ್ಲ. ಅದಕ್ಕೇ ಡಾಟ್ ಹಚ್ಚಿದ ಕಾಗದದ ಪಟ್ಟಿ ಮಾಡಿದೆ. ಪ್ರಿಂಟರಿನ ಬಿಳಿ ಹಾಳೆ ಯುವಿ ಟಾರ್ಚಿಗೆ ತಾನೇ ನೀಲಿಯಾಗಿ ಹೊಳೆಯುತ್ತದೆ, ಅದರಲ್ಲೊಂದು ವಾರ ಸುಮ್ನೆ ಹಾಳಾಯ್ತು. ಫಿಲ್ಟರ್ ಪೇಪರಿಗೆ ಬಂದ ಮೇಲೆ 6.6ರ ಹಾಲು 5.2ಕ್ಕೆ ಇಳಿಯುವ ತನಕ ಪಟ್ಟಿಗೂ ಮೀಟರಿಗೂ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಡಾಟ್ ಕಾಗದ ಬಿಟ್ಟು ಹಾಲಿಗೆ ಇಳಿಯದಂತೆ ಮಾಡಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. 5ರ ಕೆಳಗೆ ಹಸಿರು ಉಳಿಯುವುದಿಲ್ಲ, ಹಾಗಾಗಿ ಪೂರ್ತಿ ಹೆಪ್ಪಾದ ಮೊಸರಿಗೆ ಬೇರೆ ಡೈ ಹುಡುಕುತ್ತಿದ್ದೇನೆ.